ಮನೆಗಾಡಿಯ ನೀರಿನ ತೊಟ್ಟಿ: ಗಾಳಿಯ ದಾರಿಯನ್ನು ಕುರಿತು ಒಂದು ವಿವೇಚನೆ

೧

ಮನೆಯನ್ನೇ ಗಾಡಿಯ ಮೇಲೆ ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುವ ಪದ್ಧತಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಹುವಾಗಿ ಬಳಕೆಯಲ್ಲಿದೆ. ಇಂತಹ ವಾಹನವನ್ನು ಅಲ್ಲಿನವರು ‘ರಿಕ್ರಿಯೇಷನಲ್ ವೆಹಿಕಲ್’ ಎಂದೂ ಸಂಕ್ಷೇಪವಾಗಿ ‘ಆರ್.ವಿ.’ ಎಂದೂ ಕರೆಯುತ್ತಾರೆ. ಪ್ರಕೃತ ಲೇಖನದಲ್ಲಿ ಅದಕ್ಕೆ ‘ಮನೆಗಾಡಿ’ ಎಂಬ ಹೆಸರನ್ನು ಇಟ್ಟುಕೊಳ್ಳಲಾಗಿದೆ. ಮಂಚ, ಒಲೆ, ಸ್ನಾನದ ಕೋಣೆಗಳಿಂದ ಕೂಡಿದ ಈ ಗಾಡಿಯ ನೆಲದ ಕೆಳಗೋ ಮಂಚದ ಅಡಿಯಲ್ಲೋ ಕುಡಿಯುವ ನೀರಿನ ಒಂದು ತೊಟ್ಟಿ ಇರುತ್ತದೆ. ಈ ತೊಟ್ಟಿಯನ್ನು ಕುರಿತು ಗಾಡಿಯ ಒಡೆಯರು ಹೇಳಿಕೊಳ್ಳುವ ದೂರುಗಳು ಮುಖ್ಯವಾಗಿ ನಾಲ್ಕು: ತುಂಬಿಸುವಾಗ ನೀರು ಹಿಂದಕ್ಕೆ ಉಗುಳುವುದು, ಅರ್ಧ ತುಂಬಿರುವಾಗಲೇ ಕೋಡಿ ಹರಿದು ತುಂಬಿತೆಂಬ ಭ್ರಮೆ ಹುಟ್ಟಿಸುವುದು, ದಾರಿಯಲ್ಲಿ ತಾನಾಗಿಯೇ ಸೋರಿ ನೀರು ತಗ್ಗುವುದು, ಕೊನೆಯದಾಗಿ, ತೊಟ್ಟಿಯು ಉಬ್ಬಿ ಒಡೆಯುವುದು. ಇವು ನಾಲ್ಕು ಬೇರೆ ಬೇರೆ ರೋಗಗಳಂತೆ ಕಂಡರೂ ಇವುಗಳ ಮೂಲ ಒಂದೇ ಎಂಬುದನ್ನೂ, ಆ ಮೂಲವು ನೀರಿನಲ್ಲಿರದೆ ಗಾಳಿಯಲ್ಲಿದೆ ಎಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಇಂತಹ ವಿಷಯಕ್ಕೆ ಎಡೆಯುಂಟೇ ಎಂದು ವಾಚಕರು ಕೇಳಬಹುದು. ಲೇಖಕನ ಗಮನ ಇದರತ್ತ ಹರಿದುದು ಗ್ರಂಥಗಳ ಮೂಲಕವಲ್ಲ, ಒಂದು ಸಣ್ಣ ಮನಸ್ತಾಪದ ಮೂಲಕ. ಕೆಲವು ವರ್ಷಗಳ ಹಿಂದೆ ಕ್ಯಾಲಿಫೋರ್ನಿಯದಲ್ಲಿ ನೆಲಸಿರುವ ಚಿಕ್ಕಪ್ಪನ ಮಗನ ಕುಟುಂಬದೊಡನೆ ಬಾಡಿಗೆಯ ಮನೆಗಾಡಿಯೊಂದರಲ್ಲಿ ಅರಿಜೋನದ ಮರುಭೂಮಿಗೆ ಹೋಗುವ ಸಂದರ್ಭ ಒದಗಿತ್ತು. ಹೊರಡುವಾಗ ಸುಮಾರು ೧೫೦ ಲೀಟರ್ ಹಿಡಿಯುವ ತೊಟ್ಟಿಯನ್ನು ಕೋಡಿ ಹರಿಯುವ ತನಕ ತುಂಬಿಸಿದ್ದೆವು. ಸಂಜೆ ಬಿಡಾರ ಹೂಡುವ ಹೊತ್ತಿಗೆ ಅಳತೆಯ ಫಲಕದಲ್ಲಿ ‘ಪೂರ್ಣ’ ಎಂಬ ದೀಪವೂ ‘ಮೂರರಲ್ಲಿ ಎರಡು’ ಎಂಬ ದೀಪವೂ ಆರಿಹೋಗಿದ್ದವು. ಎಂದರೆ ೫೦ ಲೀಟರಿಗೂ ಹೆಚ್ಚು ನೀರು ಕಾಣೆಯಾಗಿತ್ತು. ಎರಡು ರಾತ್ರಿ ಅಲ್ಲಿಯೇ ತಂಗಬೇಕಾಗಿದ್ದಿತು. ಹತ್ತಿರದಲ್ಲಿ ನಲ್ಲಿಯಾಗಲಿ ಬಾವಿಯಾಗಲಿ ಇರಲಿಲ್ಲ. ಮಧ್ಯಾಹ್ನ ಗಾಡಿ ನಿಂತಾಗ ಪಾತ್ರೆ ತೊಳೆದವರು ಚಿಕ್ಕಮ್ಮ ಒಬ್ಬರೇ ಆದ್ದರಿಂದ ನಲ್ಲಿಯನ್ನು ತೆರೆದು ಬಿಟ್ಟವರು ಅವರೇ ಇರಬೇಕೆಂದು ಎಲ್ಲರೂ ಭಾವಿಸಿದರು. “ನಾನು ಎರಡು ತಂಬಿಗೆ ನೀರು ಕೂಡ ಮುಟ್ಟಲಿಲ್ಲಪ್ಪ” ಎಂದು ಅವರು ಹೇಳಿದ ಮಾತನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಆ ರಾತ್ರಿ ಅವರು ಊಟದೊಡನೆ ಅರ್ಧ ಲೋಟ ನೀರು ಕುಡಿದು ಸುಮ್ಮನಾದರು. ನಿಜವಾದ ಅಪರಾಧಿ ಯಾರೆಂಬುದು ಮೂರನೆಯ ದಿನ ತಿಳಿಯಿತು. ಅದನ್ನು ಮುಂದೆ ಹೇಳಲಾಗುವುದು.

೨

ಬರಿದಾದ ಪಾತ್ರೆ ನಿಜವಾಗಿ ಬರಿದಲ್ಲ, ಅದರಲ್ಲಿ ಗಾಳಿ ತುಂಬಿದೆ ಎಂಬ ತಿಳಿವಳಿಕೆ ಬಹು ಪುರಾತನವಾದುದು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಸಿಸಿಲಿಯಲ್ಲಿದ್ದ ಗ್ರೀಕ್ ತತ್ತ್ವಜ್ಞ ಎಂಪಿಡೊಕ್ಲೀಸನು, ಮೇಲೆ ಕಿರಿದಾದ ಬಾಯಿಯೂ ತಳದಲ್ಲಿ ಅನೇಕ ರಂಧ್ರಗಳೂ ಉಳ್ಳ ‘ಕ್ಲೆಪ್ಸಿಡ್ರ’ ಎಂಬ ಪಾತ್ರೆಯ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಬಾಯಿಯನ್ನು ಕೈಯಿಂದ ಮುಚ್ಚಿ ಪಾತ್ರೆಯನ್ನು ನೀರಿನಲ್ಲಿ ಮುಳುಗಿಸಿದರೆ ತಳದಲ್ಲಿ ಎಷ್ಟು ರಂಧ್ರಗಳಿದ್ದರೂ ನೀರು ಒಳಕ್ಕೆ ಏರದು. ಕೈ ತೆಗೆದೊಡನೆ ಗಾಳಿ ಹೊರಟು ನೀರು ನುಗ್ಗುತ್ತದೆ. ಕ್ರಿಸ್ತಶಕ ಒಂದನೆಯ ಶತಮಾನದ ಅಲೆಕ್ಸಾಂಡ್ರಿಯದ ಹೀರೋ ಎಂಬ ಯಂತ್ರಜ್ಞನು ಗಾಳಿಯ ಯಂತ್ರಗಳನ್ನು ಕುರಿತ ತನ್ನ ಗ್ರಂಥವನ್ನು ಇದೇ ವಿಚಾರದಿಂದ ಪ್ರಾರಂಭಿಸುತ್ತಾನೆ. ಬೋರಲಾಗಿ ನೀರಿಗೆ ಒತ್ತಿದ ಪಾತ್ರೆಯ ತಳಕ್ಕೆ ತೂತು ಕೊರೆದರೆ ಗಾಳಿ ಅಲ್ಲಿಂದ ಹೊರಬಿದ್ದು ನೀರು ಬಾಯಿಯಿಂದ ಒಳಬರುವುದೆಂಬುದನ್ನು ಅವನು ಸ್ಪಷ್ಟವಾಗಿ ಹೇಳಿದ್ದಾನೆ.

ಗಾಳಿಗೆ ತೂಕವುಂಟೆಂಬುದು ಸಿದ್ಧವಾದುದು ಹದಿನೇಳನೆಯ ಶತಮಾನದಲ್ಲಿ. ೧೬೪೩ರಲ್ಲಿ ಇಟಲಿಯ ಟಾರಿಚೆಲ್ಲಿಯು ಗಾಳಿಯ ಒತ್ತಡವು ಸುಮಾರು ೭೬ ಸೆಂಟಿಮೀಟರ್ ಎತ್ತರದ ಪಾದರಸದ ಕಂಬವನ್ನು ಹೊರಬಲ್ಲದೆಂದು ಕಂಡುಕೊಂಡನು. ೧೬೪೮ರಲ್ಲಿ ಪಾಸ್ಕಲನ ಸೂಚನೆಯಂತೆ ಅವನ ಭಾವನಾದ ಪೆರಿಯೇ ಫ್ರಾನ್ಸಿನ ಪ್ವೀ ದ ದೋಮ್ ಬೆಟ್ಟವನ್ನೇರಿ, ಮೇಲಕ್ಕೆ ಹೋದಂತೆ ಆ ಕಂಬ ಕುಗ್ಗುವುದನ್ನು ತೋರಿಸಿದನು. ಈ ಒತ್ತಡ ಚದರ ಮೀಟರಿಗೆ ಸುಮಾರು ಹತ್ತು ಟನ್. ಒಳಗೂ ಹೊರಗೂ ಸಮನಾಗಿರುವ ತನಕ ಅದು ನಮ್ಮ ಅರಿವಿಗೆ ಬರುವುದಿಲ್ಲ. ಒಂದು ಕಡೆ ದಾರಿ ಕಟ್ಟಿತೆಂದರೆ ಒಡನೆಯೇ ತನ್ನ ಬಲವನ್ನು ತೋರುತ್ತದೆ.

ನಮ್ಮ ಮನೆಗಳಲ್ಲಿ ಈ ತತ್ತ್ವ ಹೆಸರಿಲ್ಲದೆಯೇ ಬಳಕೆಯಲ್ಲಿದೆ. ಸೀಮೆಎಣ್ಣೆಯ ಡಬ್ಬಕ್ಕೆ ಒಂದು ಮೂಲೆಯಲ್ಲಿ ತೂತು ಮಾಡಿದವರು ಎದುರು ಮೂಲೆಯಲ್ಲಿ ಇನ್ನೊಂದನ್ನು ಮಾಡದೆ ಬಿಡುವುದಿಲ್ಲ. ಕಿರಿದಾದ ಕತ್ತಿನ ಕೊಡವನ್ನು ಬಾವಿಯಲ್ಲಿ ಮುಳುಗಿಸಿದಾಗ ಕೇಳುವ ಗುಳುಗುಳು ಸದ್ದು, ಒಂದೇ ಬಾಗಿಲಲ್ಲಿ ಒಳಬರುವ ನೀರಿಗೂ ಹೊರಹೋಗುವ ಗಾಳಿಗೂ ನಡೆಯುವ ನೂಕಾಟವಲ್ಲದೆ ಬೇರೆಯಲ್ಲ.

೩

ನಿಂತ ತೊಟ್ಟಿಯಲ್ಲಿ ಈ ನೂಕಾಟ ಕೇವಲ ಸದ್ದಿನಲ್ಲಿ ಮುಗಿಯುತ್ತದೆ. ಚಲಿಸುವ ವಾಹನದ ತೊಟ್ಟಿಯಲ್ಲಿ ಅದು ಅಪಾಯಕ್ಕೆ ತಿರುಗಬಹುದೆಂಬುದನ್ನು ಜಗತ್ತು ಮೊದಲು ದೊಡ್ಡ ಪ್ರಮಾಣದಲ್ಲಿ ಕಲಿತದ್ದು ರೈಲ್ವೆಯಲ್ಲಿ. ೧೮೬೦ರಲ್ಲಿ ಇಂಗ್ಲೆಂಡಿನ ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯ ಯಂತ್ರಜ್ಞ ಜಾನ್ ರಾಮ್ಸ್‌ಬಾಟಮ್ ಎಂಬಾತನು ಉತ್ತರ ವೇಲ್ಸಿನ ಮೋಕ್‌ಡ್ರೆ ಎಂಬಲ್ಲಿ ಹಳಿಗಳ ನಡುವೆ ಉದ್ದವಾದ ನೀರಿನ ದೋಣಿಯನ್ನು ಹಾಕಿಸಿದನು. ಓಡುವ ರೈಲಿನ ಎಂಜಿನ್ನಿಗೆ ಹೊಂದಿಕೊಂಡ ಟೆಂಡರ್ ಗಾಡಿಯಿಂದ ಒಂದು ಬಾಗಿದ ಮೊಗೆಯನ್ನು ಅದಕ್ಕೆ ಇಳಿಸಿದರೆ ಓಟದ ವೇಗದಿಂದಲೇ ನೀರು ಮೇಲೇರಿ ತೊಟ್ಟಿಗೆ ತುಂಬುತ್ತಿತ್ತು. ರೈಲು ನಿಲ್ಲಬೇಕಾದ ಅಗತ್ಯ ತಪ್ಪಿತು.

ಹೀಗೆ ಅರ್ಧ ನಿಮಿಷದೊಳಗೆ ಹಲವು ಸಾವಿರ ಲೀಟರ್ ನೀರು ಒಳಬಂದಿತೆಂದರೆ, ಅಷ್ಟೇ ಪ್ರಮಾಣದ ಗಾಳಿ ಅಷ್ಟೇ ಕಾಲದಲ್ಲಿ ಹೊರಹೋಗಬೇಕು. ತೊಟ್ಟಿ ತುಂಬಿದ ಮರುಕ್ಷಣ, ಮೊಗೆಯನ್ನು ಎತ್ತುವುದು ತಡವಾದರೆ, ಅದೇ ಗಾಳಿಯ ಕಂಡಿಗಳಿಂದ ನೀರು ಚಿಮ್ಮಿ ಹಿಂದಿನ ಮೊದಲ ಡಬ್ಬಿಯ ಮೇಲೆ ಬೀಳುತ್ತಿತ್ತು. ಕಿಟಕಿ ತೆರೆದಿದ್ದರೆ ಪ್ರಯಾಣಿಕರು ತೊಯ್ದುಹೋಗುತ್ತಿದ್ದರು. ಮೊಗೆಯ ಆಕಾರವಷ್ಟೇ ಅಲ್ಲ, ಗಾಳಿ ಹೊರಡುವ ಕಂಡಿಯ ಅಗಲವೂ ರೈಲಿನ ವೇಗಕ್ಕೆ ಮಿತಿ ಹಾಕುತ್ತಿದ್ದಿತು. ಅಮೆರಿಕದ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯವರು ೧೯೪೦ರ ದಶಕದಲ್ಲಿ ಟೆಂಡರಿನ ಗಾಳಿಯ ದಾರಿಗಳನ್ನು ವಿಶೇಷವಾಗಿ ವಿಸ್ತರಿಸಿದ ಮೇಲೆಯೇ ಗಂಟೆಗೆ ಸುಮಾರು ೮೦ ಮೈಲಿ ವೇಗದಲ್ಲಿಯೂ ನೀರು ಎತ್ತುವುದು ಸಾಧ್ಯವಾಯಿತು. ನೀರಿಗೆ ದಾರಿ ಮಾಡಿಕೊಟ್ಟ ಎಂಬತ್ತು ವರ್ಷಗಳ ತರುವಾಯ ಗಾಳಿಗೆ ತಕ್ಕ ದಾರಿ ದೊರಕಿತೆಂಬುದು ಇಲ್ಲಿ ಗಮನಿಸತಕ್ಕ ಅಂಶ.

೪

ಇನ್ನು ಮನೆಗಾಡಿಯ ವಿಚಾರ. ವಿನೋದಕ್ಕಾಗಿಯೇ ಕಟ್ಟಿದ ಮನೆಗಾಡಿಗಳಲ್ಲಿ ಮೊದಲನೆಯದೆಂದು ಹೆಸರಾದುದು, ಸ್ಕಾಟ್ಲೆಂಡಿನ ವೈದ್ಯ ಹಾಗೂ ಲೇಖಕ ಗಾರ್ಡನ್ ಸ್ಟೇಬಲ್ಸ್ ೧೮೮೫ರಲ್ಲಿ ಮಾಡಿಸಿಕೊಂಡ ‘ವಾಂಡರರ್’ ಎಂಬ ಕುದುರೆಗಾಡಿ. ಮೋಟಾರಿನ ಕಾಲ ಬಂದಾಗ, ೧೯೧೦ರಲ್ಲಿ, ಪಿಯರ್ಸ್-ಆರೋ ಸಂಸ್ಥೆಯ ‘ಟೂರಿಂಗ್ ಲ್ಯಾಂಡೋ’ ವಾಹನವನ್ನು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪ್ರದರ್ಶಿಸಲಾಯಿತು. ಚಾಲಕನ ಪೀಠದ ಬೆನ್ನಿನಿಂದ ಮಡಿಚಿ ತೆರೆಯುವ ಕೈತೊಳೆಯುವ ಬೋಗುಣಿಯೊಂದು ಅದರಲ್ಲಿದ್ದಿತು. ೧೯೩೬ರ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ತನ್ನದೇ ಆದ ನೀರಿನ ಸಂಗ್ರಹವನ್ನು ಹೊತ್ತು ಸಾಗಿತು. ೧೯೬೬ರಿಂದ ಅಯೋವ ಸಂಸ್ಥಾನದ ವಿನ್ನೆಬಾಗೊ ಕಾರ್ಖಾನೆಯಲ್ಲಿ ಮೋಟಾರು ಮನೆಗಾಡಿಗಳು ಸಾಲುಸಾಲಾಗಿ ತಯಾರಾಗಲಾರಂಭಿಸಿದ ಮೇಲೆ ಅವು ಸಾಧಾರಣ ಕುಟುಂಬಗಳ ಕೈಗೂ ಎಟುಕಿದವು.

ಇಂದಿನ ಗಾಡಿಗಳಲ್ಲಿ ತೊಟ್ಟಿಯನ್ನು ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ಕಿನಿಂದ ಮಾಡಿರುತ್ತಾರೆ. ಅದು ಸುಮಾರು ೭೫ರಿಂದ ೪೦೦ ಲೀಟರುಗಳವರೆಗೆ ಹಿಡಿಯುತ್ತದೆ. ಗಾಡಿಯ ಪಕ್ಕದ ಗೋಡೆಯಲ್ಲಿರುವ ಬಾಯಿಂದ ತೊಟ್ಟಿಗೆ ಒಂದು ತುಂಬುಕೊಳವೆ. ತೊಟ್ಟಿಯ ಮೇಲ್ಭಾಗದಿಂದ ಹೊರಕ್ಕೆ ಒಂದು ಗಾಳಿಕೊಳವೆ. ತುಂಬುಕೊಳವೆ ಒಂದೂಕಾಲು ಅಂಗುಲ ಅಗಲವಿದ್ದರೆ ಗಾಳಿಕೊಳವೆ ಅರ್ಧ ಅಂಗುಲವಿರುವುದು ಸಾಮಾನ್ಯ. ಎಂದರೆ ಎರಡರ ವಿಸ್ತೀರ್ಣಗಳ ನಡುವೆ ಆರು ಪಾಲಿಗೂ ಹೆಚ್ಚಿನ ಅಂತರ.

ಇದು ಮೇಲುನೋಟಕ್ಕೆ ತಪ್ಪೆಂದು ತೋರಿದರೂ ಪೂರ್ತಿಯಾಗಿ ತಪ್ಪಲ್ಲ. ನೀರಿಗಿಂತ ಗಾಳಿಯು ೮೦೦ ಪಾಲಿಗೂ ಹಗುರವಾದುದರಿಂದ, ಒಂದೇ ಒತ್ತಡದಲ್ಲಿ ಒಂದೇ ಕೊಳವೆಯ ಮೂಲಕ ನೀರಿಗಿಂತ ಸುಮಾರು ೨೮ ಪಟ್ಟು ಗಾಳಿ ಹಾದುಹೋಗಬಲ್ಲದು. ಆದುದರಿಂದ ಕಿರಿಯ ಕೊಳವೆ ಗಾಳಿಗೆ ಸಾಕು. ಆದರೆ ತೊಟ್ಟಿ ತುಂಬಿದೊಡನೆ ಇದೇ ಕೊಳವೆ ಕೋಡಿಯ ಕೆಲಸವನ್ನೂ ಮಾಡಬೇಕಾಗಿದೆ. ಗಾಳಿಗೆ ಸಾಕಾದ ದಾರಿ ನೀರಿಗೆ ಸಾಲದು. ಒಂದೇ ಆಳಿಗೆ ಎರಡು ಉದ್ಯೋಗವನ್ನು ಒಪ್ಪಿಸಿ, ಸುಲಭವಾದುದಕ್ಕೆ ತಕ್ಕ ಬಲವನ್ನು ಮಾತ್ರ ಕೊಟ್ಟಂತಾಗಿದೆ. ನಮ್ಮ ಕೆರೆಗಳನ್ನು ಕಟ್ಟಿದವರಿಗೆ ಈ ತೊಡಕು ಇರಲಿಲ್ಲ. ಕೆರೆಯ ಮೈ ಆಕಾಶಕ್ಕೆ ತೆರೆದಿರುವುದರಿಂದ ಗಾಳಿಗೆ ಬೇರೆ ದಾರಿ ಬೇಡ. ತೂಬು ನೀರನ್ನು ಬಿಡುವುದಕ್ಕೆ, ಕೋಡಿ ಹೆಚ್ಚಿನ ನೀರನ್ನು ಕಳೆಯುವುದಕ್ಕೆ ಎಂದು ಕೆಲಸಗಳು ಬೇರೆ ಬೇರೆಯಾಗಿದ್ದು, ಮಳೆಗಾಲದ ನೆರೆಯನ್ನು ಲೆಕ್ಕಕ್ಕೆ ಹಿಡಿದು ಕೋಡಿಯನ್ನು ಅಗಲವಾಗಿ ಬಿಡುತ್ತಿದ್ದರು. ಮುಚ್ಚಿದ ತೊಟ್ಟಿಯಲ್ಲಿ ಈ ವಿವೇಕ ಮರೆತುಹೋಯಿತು.

೫

ಈ ಮೂಲವನ್ನು ಹಿಡಿದು ನೋಡಿದರೆ ಮೊದಲು ಹೇಳಿದ ನಾಲ್ಕು ದೂರುಗಳೂ ತಾವಾಗಿ ಬಿಡಿಸಿಕೊಳ್ಳುತ್ತವೆ.

ಮೊದಲನೆಯದು, ಹಿಂದಕ್ಕೆ ಉಗುಳುವುದು. ಗಾಳಿಕೊಳವೆ ನೆಟ್ಟಗೆ ಏರದೆ ನಡುವೆ ಜೋತುಬಿದ್ದಿದ್ದರೆ ಆ ತಗ್ಗಿನಲ್ಲಿ ಸ್ವಲ್ಪ ನೀರು ನಿಂತು ಬಿರಡೆಯಂತಾಗುತ್ತದೆ. ಕೆಲವು ಸಲ ಮಣ್ಣಿನ ಗೂಡು ಕಟ್ಟುವ ಕಣಜ ಅದರ ಬಾಯನ್ನು ಮುಚ್ಚಿರುತ್ತದೆ. ಒಳಗಿನ ಗಾಳಿಗೆ ಹೊರಬರಲು ಬೇರೆ ದಾರಿಯಿಲ್ಲದೆ ಅದು ತುಂಬುಕೊಳವೆಯಲ್ಲಿಯೇ ನೀರನ್ನು ತಳ್ಳಿಕೊಂಡು ಬರುತ್ತದೆ. ಕೊಡದ ಗುಳುಗುಳು ಸದ್ದೇ ಇಲ್ಲಿ ಮುಖಕ್ಕೆ ಚಿಮ್ಮುವ ನೀರಾಗಿ ಪರಿಣಮಿಸುತ್ತದೆ.

ಎರಡನೆಯದು, ಅಕಾಲದ ಕೋಡಿ. ಗಾಳಿಕೊಳವೆಯನ್ನು ತೊಟ್ಟಿಯ ಒಂದು ಅಂಚಿಗೆ ಜೋಡಿಸಿದ್ದು, ಗಾಡಿ ಆ ಕಡೆಗೆ ವಾಲಿ ನಿಂತಿದ್ದರೆ, ಆ ಅಂಚು ಮೊದಲು ತುಂಬಿ ಕೋಡಿ ಹರಿಯುತ್ತದೆ. ಎದುರು ಅಂಚಿನಲ್ಲಿ ಗಾಳಿಯು ಸೆರೆಯಾಗಿ ಉಳಿಯುತ್ತದೆ. ಒಡೆಯನು ತೊಟ್ಟಿ ತುಂಬಿತೆಂದು ಹೊರಡುತ್ತಾನೆ.

ಮೂರನೆಯದು, ದಾರಿಯಲ್ಲಿ ಸೋರುವುದು. ಗಾಡಿಯ ವೇಗವನ್ನು ಭೂಮಿಯ ಸೆಳೆತದ ಹತ್ತರಲ್ಲಿ ಮೂರು ಪಾಲಿನಷ್ಟು ಬಲದಿಂದ ತಡೆದರೆ, ಒಂದು ಮೀಟರ್ ಉದ್ದದ ತೊಟ್ಟಿಯಲ್ಲಿ ನೀರು ಮುಂಭಾಗದಲ್ಲಿ ಸುಮಾರು ೧೫ ಸೆಂಟಿಮೀಟರ್ ಮೇಲೇರಲು ಯತ್ನಿಸುತ್ತದೆ. ಹಾಗೆ ಏರಿದ ನೀರು ಗಾಳಿಕೊಳವೆಗೆ ನುಗ್ಗುವುದು ಸಹಜ. ಕೊಳವೆಯ ಹೊರತುದಿ ಗಾಡಿಯ ನೆಲದ ಕೆಳಗೆ, ತೊಟ್ಟಿಗಿಂತ ತಗ್ಗಿನಲ್ಲಿ ಇದ್ದರೆ, ಕೊಳವೆ ಒಮ್ಮೆ ತುಂಬಿತೆಂದರೆ ಅದೇ ಸೈಫನ್ನಾಗಿ ಮಾರ್ಪಡುತ್ತದೆ. ಒಳಬಾಯಿ ನೀರಿನಲ್ಲಿ ಮುಳುಗಿರುವ ತನಕ ಹರಿವು ನಿಲ್ಲುವುದಿಲ್ಲ. ಏರು, ತಿರುವು, ತಡೆಗಳು ಅದನ್ನು ಮತ್ತೆ ಮತ್ತೆ ಪ್ರಾರಂಭಿಸುತ್ತಿರುತ್ತವೆ. ಲೇಖಕನ ಪ್ರಯಾಣದಲ್ಲಿ ನಡೆದುದು ಇದೇ. ಮೂರನೆಯ ದಿನ ಮತ್ತೆ ತೊಟ್ಟಿಯನ್ನು ತುಂಬಿಸಿ ಹೊರಟು, ಬೆಟ್ಟದ ದಾರಿಯೊಂದನ್ನು ದಾಟಿ ಗಾಡಿಯನ್ನು ನಿಲ್ಲಿಸಿದಾಗ, ನೆಲದ ಕೆಳಗಿನ ಕಿರುಗೊಳವೆಯಿಂದ ಬೆರಳಿನಷ್ಟು ದಪ್ಪನಾದ ಧಾರೆ ಸದ್ದಿಲ್ಲದೆ ಬೀಳುತ್ತಿದ್ದಿತು. ನಲ್ಲಿಗಳೆಲ್ಲ ಮುಚ್ಚಿದ್ದವು.

ನಾಲ್ಕನೆಯದು, ತೊಟ್ಟಿ ಉಬ್ಬಿ ಒಡೆಯುವುದು. ನಿಲುದಾಣಗಳಲ್ಲಿ ಊರಿನ ನಲ್ಲಿಯ ನೀರನ್ನು ಒತ್ತಡದೊಡನೆ ನೇರವಾಗಿ ಗಾಡಿಗೆ ಜೋಡಿಸುವ ಏರ್ಪಾಡು ಉಂಟು. ಕೆಲವು ಗಾಡಿಗಳಲ್ಲಿ ತಿರುಪನ್ನು ಬದಲಿಸಿ ಅದೇ ನೀರನ್ನು ತೊಟ್ಟಿಗೂ ತಿರುಗಿಸಬಹುದು. ತಿರುಪನ್ನು ಮರೆತರೆ, ಇಲ್ಲವೆ ಪಂಪಿನ ಬಳಿಯಿರುವ ಏಕಮುಖ ಕವಾಟ ಸವೆದು ನೀರು ಹಿಮ್ಮುಖವಾಗಿ ಒಸರಿದರೆ, ಒಡೆಯನಿಗೆ ತಿಳಿಯದಂತೆಯೇ ತೊಟ್ಟಿ ತುಂಬುತ್ತದೆ. ಆಗ ಎಲ್ಲ ಭಾರವೂ ಅರ್ಧ ಅಂಗುಲದ ಕೊಳವೆಯ ಮೇಲೆ ಬೀಳುತ್ತದೆ. ತೊಟ್ಟಿಯ ಮೇಲ್ಮೈ ಅರ್ಧ ಚದರ ಮೀಟರಿದ್ದು ಕೊಳವೆಯಲ್ಲಿ ನೀರು ಅದರ ಮೇಲೆ ಕೇವಲ ಅರ್ಧ ಮೀಟರ್ ಎತ್ತರಕ್ಕೆ ನಿಂತರೂ, ಮೇಲ್ಮೈಯನ್ನು ನೂಕುವ ಬಲ ಸುಮಾರು ೨೫೦ ಕಿಲೋಗ್ರಾಂ ತೂಕಕ್ಕೆ ಸಮ. ಊರಿನ ನಲ್ಲಿಯ ಒತ್ತಡವಾದರೋ ಇದಕ್ಕಿಂತ ಎಷ್ಟೋ ಪಾಲು ಹೆಚ್ಚಿನದು. ಗಾಡಿಯ ನೆಲ ಮೇಲಕ್ಕೆದ್ದು ತೊಟ್ಟಿಯ ಬೆಸುಗೆ ಬಿಡುವುದು ಆಶ್ಚರ್ಯವಲ್ಲ. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು: ಗಾಳಿಕೊಳವೆ ಕಟ್ಟಿರುವಾಗ ಪಂಪು ನೀರನ್ನು ಎಳೆದರೆ ತೊಟ್ಟಿ ಒಳಕ್ಕೆ ಕುಗ್ಗಿ ಪಂಪು ಏದುಸಿರು ಬಿಡುತ್ತದೆ.

೬

ಕಾರಣ ಒಂದೇ ಆದುದರಿಂದ ಪರಿಹಾರಗಳೂ ಒಂದೇ ದಿಕ್ಕಿನವು. ಗಾಳಿಕೊಳವೆಯು ತೊಟ್ಟಿಯ ಅತ್ಯುನ್ನತ ಸ್ಥಾನದಿಂದ ಹೊರಡಬೇಕು. ಎಲ್ಲಿಯೂ ಜೋಲದೆ ಒಂದೇ ಸಮನೆ ಮೇಲೇರಬೇಕು. ಅದರ ಹೊರಬಾಯಿಗೆ ಕೀಟಗಳನ್ನು ತಡೆಯುವ ಸಣ್ಣ ಜಾಲರಿ ಇರಬೇಕು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ನಿಧಾನವಾಗಿ ತುಂಬಿಸಬೇಕು. ತುಂಬುಕೊಳವೆಗಿಂತ ಕಿರಿದಾದ ನಳಿಕೆಯನ್ನು ಒಳಕ್ಕೆ ಇಳಿಬಿಟ್ಟು ನೀರು ಹಾಯಿಸಿದರೆ ಸುತ್ತಲಿನ ಎಡೆಯಿಂದ ಗಾಳಿ ಸುಲಭವಾಗಿ ಹೊರಬರುತ್ತದೆ. ಉಗುಳುವ ತೊಟ್ಟಿಗೆ ಇದು ತತ್‌ಕ್ಷಣದ ಉಪಾಯ.

ಸೈಫನ್ನನ್ನು ತಡೆಯುವುದಕ್ಕೆ ಕೊಳವೆಯನ್ನು ತೊಟ್ಟಿಗಿಂತ ಸಾಕಷ್ಟು ಮೇಲಕ್ಕೆ ಕೊಂಡೊಯ್ದು ಬಾಗಿಸಿ, ಆ ಬಾಗಿನ ನೆತ್ತಿಯಲ್ಲಿ ಹೊರಗಿನ ಗಾಳಿಯನ್ನು ಒಳಬಿಡುವ ಕವಾಟವೊಂದನ್ನು ಇಡುವುದು ಉತ್ತಮ. ಗಾಳಿ ಒಳಹೊಕ್ಕರೆ ನೀರಿನ ಎಳೆ ತುಂಡಾಗುತ್ತದೆ. ಕೆಲವರು ಕೊಳವೆಗೆ ತಿರುಪನ್ನು ಹಾಕಿ ಪ್ರಯಾಣದಲ್ಲಿ ಮುಚ್ಚಿಬಿಡುತ್ತಾರೆ. ಇದರಿಂದ ನೀರು ಉಳಿಯುವುದು ನಿಜ. ಆದರೆ ತೊಟ್ಟಿಗೆ ಉಸಿರಾಡಲು ಬೇರೆ ದಾರಿಯಿಲ್ಲದಿದ್ದರೆ, ಮುಚ್ಚಿದ ತಿರುಪನ್ನು ಮರೆತು ಪಂಪನ್ನು ನಡೆಸಿದಾಗ ತೊಟ್ಟಿ ಕುಗ್ಗುತ್ತದೆ, ನಲ್ಲಿಯನ್ನು ಜೋಡಿಸಿದಾಗ ಒಡೆಯುತ್ತದೆ. ಸೋರುವ ದೋಷವನ್ನು ಹೋಗಲಾಡಿಸಲು ಹೋಗಿ ಅದಕ್ಕಿಂತ ದೊಡ್ಡದನ್ನು ತಂದುಕೊಂಡಂತೆ. ಎಲ್ಲಕ್ಕಿಂತ ಮಿಗಿಲಾದ ಪರಿಹಾರವೆಂದರೆ ಎರಡು ಉದ್ಯೋಗಗಳನ್ನು ಬೇರ್ಪಡಿಸುವುದು: ಗಾಳಿಗೆ ಒಂದು ಕಿರಿಯ ಕೊಳವೆ, ಕೋಡಿಗೆ ತುಂಬುಕೊಳವೆಯಷ್ಟೇ ಅಗಲವಾದ ಇನ್ನೊಂದು ದಾರಿ. ಇದಕ್ಕೆ ತಗಲುವ ವೆಚ್ಚ ಅಲ್ಪ. ಆದರೆ ಗಾಡಿಯನ್ನು ಕೊಳ್ಳುವವರು ಒಲೆಯನ್ನೂ ಮಂಚವನ್ನೂ ನೋಡುತ್ತಾರಲ್ಲದೆ ನೆಲದ ಕೆಳಗಿನ ಕೊಳವೆಯನ್ನು ಬಗ್ಗಿ ನೋಡುವವರು ವಿರಳ.

ಭಾರತದಲ್ಲಿಯೂ ಈ ಪ್ರಶ್ನೆ ಅಪ್ರಸ್ತುತವಲ್ಲ. ಕೇರಳ ಸರ್ಕಾರವು ೨೦೨೧ರಲ್ಲಿ ಮನೆಗಾಡಿಗಳ ಪ್ರವಾಸೋದ್ಯಮಕ್ಕಾಗಿ ಯೋಜನೆಯೊಂದನ್ನು ಪ್ರಕಟಿಸಿತು. ಇಂತಹ ಗಾಡಿಗಳನ್ನು ಇಲ್ಲಿ ಕಟ್ಟುವವರು ನಮ್ಮ ಮನೆಗಳ ಮಾಳಿಗೆಯ ನೀರಿನ ತೊಟ್ಟಿಯನ್ನೇ ಮಾದರಿಯಾಗಿ ನೋಡಬಹುದು. ಅಲ್ಲಿ ಕೋಡಿಗೆ ಒಂದು ಕೊಳವೆ ಇರುತ್ತದೆ. ಕೆಳಗಿಳಿಯುವ ಕೊಳವೆಯ ನೆತ್ತಿಯಿಂದ ಆಕಾಶಕ್ಕೆ ಮುಖಮಾಡಿದ ಗಾಳಿಯ ಕೊಳವೆ ಬೇರೆಯಾಗಿರುತ್ತದೆ. ನಲ್ಲಿ ಕೆಲಸದವರು ಅದನ್ನು ‘ಏರ್ ಪೈಪು’ ಎನ್ನುತ್ತಾರೆ. ಅದಿಲ್ಲದೆ ಕೆಲಸ ಮುಗಿಯಿತೆಂದು ನುರಿತವರು ಒಪ್ಪುವುದಿಲ್ಲ.

ಮೇಲಿನ ವಿವೇಚನೆಯಿಂದ ಇತಿಹಾಸದ ಅಭ್ಯಾಸಿಗೂ ಒಂದು ಪಾಠ ದೊರೆಯುತ್ತದೆ. ಕಣ್ಣಿಗೆ ಕಾಣುವ ನೀರಿನ ದಾರಿಯನ್ನು ಎಲ್ಲ ಕಾಲದವರೂ ಜಾಗರೂಕತೆಯಿಂದ ಯೋಜಿಸಿದ್ದಾರೆ, ವರ್ಣಿಸಿದ್ದಾರೆ. ಕಾಣದ ಗಾಳಿಯ ದಾರಿಯನ್ನು ಕುರಿತು ಯೋಚಿಸಿದುದು ಅವಘಡವಾದ ಮೇಲೆ. ನಡುವಣ ಕಾಲದಲ್ಲಿ ತಪ್ಪು ಯಾರದೆಂಬ ಪ್ರಶ್ನೆ ಬಂದಾಗಲೆಲ್ಲ ಅದು ಹತ್ತಿರದಲ್ಲಿದ್ದ ಮನುಷ್ಯನ ತಲೆಯ ಮೇಲೆ ಬಿದ್ದಿದೆ. ಮೊಗೆಯನ್ನು ಎತ್ತಲು ತಡಮಾಡಿದನೆಂದು ಬೈಸಿಕೊಂಡವನು ಎಂಜಿನ್ನಿನ ಕೆಲಸಗಾರ. ನಲ್ಲಿಯನ್ನು ಬಿಟ್ಟರೆಂದು ಮಾತು ಕೇಳಿದವರು ನಮ್ಮ ಚಿಕ್ಕಮ್ಮ. ಕೊಳವೆಯ ಧಾರೆಯನ್ನು ಕಂಡ ದಿನ ಚಿಕ್ಕಪ್ಪನ ಮಗನು ಅವರನ್ನು ಕರೆತಂದು ತೋರಿಸಿದನು. ಅವರು ಸ್ವಲ್ಪ ಹೊತ್ತು ನೋಡಿ, “ಒಂದು ಚೊಂಬಾದರೂ ಅಡಿಗೆ ಇಡಬಾರದೇನೋ, ಹೋಗುವ ನೀರು” ಎಂದು ಹೇಳಿ ಒಳಕ್ಕೆ ಹೋಗಿ ಚೊಂಬನ್ನು ತಂದರು.